ಇಂಟರ್ವಲ್‌ವರೆಗೆ ಅಪ್ಪ, ಆಮೇಲೆ ಚಿಕ್ಕಪ್ಪ

ಸಿನಿಮಾ ಟಿಕೆಟ್ಟಿನ ಹರಿದ ಚೂರನ್ನು ಅಪ್ಪ ಸಣ್ಣದಾಗಿ ಮಡಿಸಿ ಎಡಗೈ ವಾಚಿನ ಪಟ್ಟಿಯ ಅಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಜೇಬಿನಲ್ಲಿಟ್ಟರೆ ಬೆವರಿಗೆ ಒದ್ದೆಯಾಗುತ್ತದೆ, ಕೈಯಲ್ಲಿ ಹಿಡಿದರೆ ಕಳೆದುಹೋಗುತ್ತದೆ, ವಾಚಿನಡಿ ಇದ್ದರೆ ಗಂಟೆ ನೋಡಿದಾಗಲೆಲ್ಲ ಅದೂ ಕಾಣುತ್ತಿರುತ್ತದೆ ಎನ್ನುವುದು ಅವರ ವಾದ. ಅಷ್ಟು ಜೋಪಾನ ಏಕೆಂದರೆ ಆ ಚೂರು ಅವರೊಬ್ಬರದಾಗಿರಲಿಲ್ಲ. ಇಂಟರ್ವಲ್ ಆದ ಮೇಲೆ ಅದು ಚಿಕ್ಕಪ್ಪನದು.

ಉಡುಪಿ ಕಡೆಯಿಂದ ಬಂದ ಈ ಅಣ್ಣತಮ್ಮಂದಿರು ಠಾಣೆ ಪಟ್ಟಣದ ಹಳೆಯ ನಾಕಾ ಒಂದರಲ್ಲಿ, ನಾಲ್ಕು ರಸ್ತೆ ಸೇರುವಲ್ಲಿ, ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಇಬ್ಬರೂ ಪಾಲುದಾರರು. ಇಬ್ಬರಲ್ಲಿ ಒಬ್ಬರು ಯಾವಾಗಲೂ ಗಲ್ಲಾದ ಮುಂದೆ ಕೂತಿರಲೇಬೇಕು ಎನ್ನುವುದು ಅವರೇ ಹಾಕಿಕೊಂಡ ನಿಯಮ. ಮಧ್ಯಾಹ್ನದ ರೈಸ್ ಪ್ಲೇಟಿನವರು ಎದ್ದುಹೋಗಿ ಸಂಜೆಯ ಚಹಾದವರು ಬರುವ ತನಕ ಸ್ವಲ್ಪ ಬಿಡುವು ಇರುತ್ತಿತ್ತು, ಎದುರಿಗೇ ಟಾಕೀಸು. ಸಿನಿಮಾದ ಹುಚ್ಚು ಇಬ್ಬರಿಗೂ ಇತ್ತು. ಹಾಗಾಗಿ ಒಂದೇ ಟಿಕೆಟ್ಟಿನಲ್ಲಿ ಮೊದಲರ್ಧ ಅಪ್ಪ ನೋಡುವುದು, ಉಳಿದರ್ಧ ಚಿಕ್ಕಪ್ಪ ನೋಡುವುದು ಎಂದಾಯಿತು. ಇಂಟರ್ವಲ್ಲಿನ ಹೊತ್ತಿಗೆ ಚಿಕ್ಕಪ್ಪ ರಸ್ತೆ ದಾಟಿ ಗೇಟಿಗೆ ಬರುತ್ತಿದ್ದರು. ಆ ಎರಡು ನಿಮಿಷ ಗಲ್ಲಾವನ್ನು ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿಕೊಳ್ಳುತ್ತಿತ್ತು. ಗೇಟಿನವನು ನಮ್ಮ ಹೋಟೆಲಿನ ಗಿರಾಕಿ. ಚೂರು ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ.

"ವಡೆ ಹಿಟ್ಟು ಸಂಜೆಗೆ ಸಾಕು, ಹಾಲು ಬರ್ಲಿಕ್ಕುಂಟು," ಎಂದು ಚಿಕ್ಕಪ್ಪ ಹೋಟೆಲಿನ ವರದಿ ಒಪ್ಪಿಸುತ್ತಿದ್ದರು.

"ತಂಗಿಗೆ ಮದುವೆ ನಿಶ್ಚಯ ಆಗಿದೆ. ಅಣ್ಣ ಸಿಟ್ಟು ಮಾಡ್ಕೊಂಡು ರೈಲು ಹತ್ತಿದ," ಎಂದು ಅಪ್ಪ ಸಿನಿಮಾದ ವರದಿ ಒಪ್ಪಿಸುತ್ತಿದ್ದರು.

ವಾಚಿನಡಿಯ ಚೂರು ಕೈ ಬದಲಾಗುತ್ತಿತ್ತು. ಆಗ ಡೊಂಬಿವಲಿಯಲ್ಲಿ ನಾವೆಲ್ಲ ಒಂದೇ ಕಟ್ಟಡದಲ್ಲಿದ್ದೆವು. ಚಿಕ್ಕಪ್ಪನ ಮನೆಯವರು ಮೇಲಿನ ಮಹಡಿ, ನಾವು ಕೆಳಗಿನದು. ಉಳಿದರ್ಧದ ಕತೆಯನ್ನು ಚಿಕ್ಕಪ್ಪ ಊಟದ ಹೊತ್ತಿಗೆ ಇಳಿದು ಬಂದು ಹೇಳುತ್ತಿದ್ದರು.

ಹೀಗೆ ತಯಾರಾದ ಇಬ್ಬರು ವಿಮರ್ಶಕರ ನಡುವೆ ಬೆಳೆದ ಹುಡುಗಿ ನಾನು. ಅಪ್ಪನಿಗೆ ಖಳನಾಯಕರ ಬಗ್ಗೆ ಇವತ್ತಿಗೂ ಒಳ್ಳೆಯ ಅಭಿಪ್ರಾಯವಿದೆ. ಅಪ್ಪ ನೋಡುವಷ್ಟು ಹೊತ್ತು ಆ ಮನುಷ್ಯ ಶಾಲೆಗೆ ದಾನ ಕೊಡುತ್ತಿರುತ್ತಾನೆ, ದೇವಸ್ಥಾನದಲ್ಲಿ ಮುಂದಿನ ಸಾಲಿನಲ್ಲಿ ನಿಂತಿರುತ್ತಾನೆ. ನಾಯಕಿಯ ತಂದೆಯನ್ನು ಕಂಡರೆ ಮಾತ್ರ ಅಪ್ಪನಿಗೆ ಆಗುವುದಿಲ್ಲ. ಚಿಕ್ಕಪ್ಪನಿಗೆ ಅದೇ ತಂದೆ ದೇವರಂಥವನು, ಏಕೆಂದರೆ ಅವರು ಹೋಗಿ ಕೂರುವ ಹೊತ್ತಿಗೆ ಅವನು ಕ್ಷಮಿಸಲು ಶುರು ಮಾಡಿರುತ್ತಾನೆ. ಅಪ್ಪ ನೋಡಿದ ಸಿನಿಮಾಗಳಲ್ಲಿ ಎಲ್ಲರೂ ಬಿಟ್ಟು ಹೋಗುತ್ತಾರೆ. ಚಿಕ್ಕಪ್ಪ ನೋಡಿದವುಗಳಲ್ಲಿ ಎಲ್ಲರೂ ತಿರುಗಿ ಬರುತ್ತಾರೆ, ಸತ್ತನೆಂದು ಶ್ರಾದ್ಧ ಮಾಡಿಸಿಕೊಂಡವನು ಕೂಡ.

ನಾನು ಎಂ.ಎ. ಮಾಡಿದೆ. ಸಿನಿಮಾ ನೋಡುವುದು ಹೇಗೆ ಎಂದು ಕಲಿಸುವ ಚಿಕ್ಕ ಕೋರ್ಸೊಂದನ್ನೂ ಮುಗಿಸಿದೆ. ನಮ್ಮ ಕಡೆಯ ಕನ್ನಡ ಸಂಘವೊಂದರ ಮಾಸಪತ್ರಿಕೆಗೆ ವಿಮರ್ಶೆ ಬರೆಯತೊಡಗಿದ್ದು ಆಮೇಲೆ. ನನಗೆ ತಿಳಿದಂತೆ ಅದರ ಖಾಯಂ ಓದುಗರು ಚಿಕ್ಕಪ್ಪ ಒಬ್ಬರೇ.

"ಓದಿದೆ ಮಗಾ," ಎಂದು ಒಮ್ಮೆ ಹೇಳಿದ್ದರು. "ಲಾಯ್ಕ ಬರ್ದಿದ್ದೀ. ಸಿನಿಮಾ ಒಳ್ಳೇದಾ ಅಲ್ವಾ ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಅದನ್ನು ಹೇಳುವುದು ವಿಮರ್ಶೆಯ ಕೆಲಸ ಅಲ್ಲ ಚಿಕ್ಕಪ್ಪ."

"ಹೌದಾ? ಮತ್ತೆ ಅದು ಯಾರ ಕೆಲಸ?"



ಕಳೆದ ವರ್ಷ ಚಿಕ್ಕಪ್ಪನ ಮೊಣಗಂಟು ಕೈಕೊಟ್ಟಿತು. ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಡುವ ಎಂದರು. ಅಂದರೆ ಹೆಸರು ನಮ್ಮದೇ ಉಳಿಯುತ್ತದೆ, ಬೇರೆಯವರು ನಡೆಸಿ ತಿಂಗಳಿಗೆ ಇಂತಿಷ್ಟು ಎಂದು ಕೊಡುತ್ತಾರೆ. ಅಪ್ಪ "ನಿನ್ನ ಇಷ್ಟ" ಎಂದರು. ಅಪ್ಪನ ಬಾಯಲ್ಲಿ ಆ ಮಾತಿಗೆ ಬೇಡ ಎಂದು ಅರ್ಥ. ಅದು ಗೊತ್ತಿರಬೇಕಾಗಿದ್ದ ಚಿಕ್ಕಪ್ಪ ಅದನ್ನು ಒಪ್ಪಿಗೆಯೆಂದೇ ತೆಗೆದುಕೊಂಡು, ಕಾಗದಪತ್ರ ಮುಗಿಸಿ, ಲಿಫ್ಟ್ ಇರುವ ಮನೆ ಬೇಕೆಂದು ಖಾರಘರದ ಮಗನ ಫ್ಲ್ಯಾಟಿಗೆ ಹೋಗಿಬಿಟ್ಟರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಎಂದರೆ ನೇರ ಮಾತಿಲ್ಲ ಎಂದಷ್ಟೇ. ಇಬ್ಬರ ಬಳಿಯೂ ಫೋನಿದೆ. ಆದರೆ ಚಿಕ್ಕಪ್ಪ ನನ್ನ ಫೋನಿಗೆ ಮಾಡುತ್ತಿದ್ದರು.

"ಅಣ್ಣ ಬಿಪಿ ಮಾತ್ರೆ ತೆಕ್ಕೊಂಡನಾ ಕೇಳು."

ಅಪ್ಪ ಪಕ್ಕದಲ್ಲೇ ಇರುತ್ತಿದ್ದರು. "ತೆಕ್ಕೊಂಡಿದ್ದೇನೆ ಅಂತ ಹೇಳು. ಅವನ ಕಾಲು ಹೇಗುಂಟು ಕೇಳು."

"ಹಾಗೇ ಉಂಟು ಅಂತ ಹೇಳು."

ನಾನು ಹೇಳುತ್ತಿದ್ದೆ. ಇಬ್ಬರಿಗೂ ಇನ್ನೊಬ್ಬರ ಧ್ವನಿ ಕೇಳಿಸುತ್ತಿತ್ತು. ಆದರೂ ನಾನು ಹೇಳುವವರೆಗೆ ಇಬ್ಬರೂ ಕಾಯುತ್ತಿದ್ದರು.

ಫೋನು ಇಟ್ಟ ಮೇಲೆ ಅಪ್ಪ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು. ಮೇಲಿನ ಮಹಡಿಗೆ ಬಂದ ಹೊಸಬರು ಕುರ್ಚಿ ಎಳೆದರೂ ತಲೆಯೆತ್ತಿ ನೋಡುತ್ತಿದ್ದರು. ಊಟ ಕಡಿಮೆಯಾಯಿತು. ಅಮ್ಮ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದರು. "ಇವರಿಬ್ರು ಮಾತಾಡದಿದ್ರೆ ನಿನ್ನ ಅಪ್ಪ ಹೀಗೇ ಒಣಗಿ ಹೋಗ್ತಾರೆ. ಒಂದು ಸಿನಿಮಾಕ್ಕೆ ಟಿಕೆಟ್ ತೆಗಿ. ಪಕ್ಕ ಪಕ್ಕ. ಇಡೀ ಸಿನಿಮಾ."

ನನಗೂ ವಿಮರ್ಶೆ ಬರೆಯುವುದಿತ್ತು. ಸಾನಪಾಡಾದ ಹತ್ತಿರದ ಮಾಲೊಂದರಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಸಿನಿಮಾ ಇತ್ತು. ಖಾರಘರದಿಂದಲೂ ನಮ್ಮಿಂದಲೂ ಬರಬಹುದಾದ ಜಾಗ. ನಾಲ್ಕು ಟಿಕೆಟ್ ಬುಕ್ ಮಾಡಿದೆ. ಚಿಕ್ಕಪ್ಪ ನನ್ನ ಫೋನಿನಲ್ಲಿ "ಆಯ್ತು, ಬರ್ತೇನೆ" ಎಂದರು. ಅಪ್ಪ "ನಿಮ್ಮ ಇಷ್ಟ" ಎಂದರು. ಆದರೆ ಭಾನುವಾರ ನಾನೆದ್ದು ನೋಡುವಾಗ ಇಸ್ತ್ರಿ ಅಂಗಿ ಹಾಕಿ ಕೂತಿದ್ದರು.

ಸಿನಿಮಾ ಶುರುವಾಯಿತು. ಅಪ್ಪನ ಪಕ್ಕದ ಸೀಟು ಖಾಲಿ.

"ಹಳಿ ರಿಪೇರಿಗೆ ಮೆಗಾಬ್ಲಾಕ್ ಇರ್ಬೇಕು. ರೈಲು ತಡ," ಎಂದು ಅಮ್ಮ ಪಿಸುಗುಟ್ಟಿದರು.

"ಅವನ ಮಗನಿಗೆ ಕಾರುಂಟು," ಎಂದರು ಅಪ್ಪ, ಪಿಸುಗುಟ್ಟದೆ.

ಚಿಕ್ಕಪ್ಪನ ಮಗ, ಖಾರಘರದ ತಮ್ಮನಿಗೆ ಮೆಸೇಜು ಹಾಕಿದೆ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಕಬ್ ಕಾ ಛೋಡ್ ದಿಯಾ, ದೀದಿ." ಕಾರಿನಲ್ಲಿ ತಂದು ಮಾಲಿನ ಬಾಗಿಲಿಗೆ ಬಿಟ್ಟು ಬಹಳ ಹೊತ್ತಾಯಿತಂತೆ. ಹಾಗಾದರೆ ಚಿಕ್ಕಪ್ಪ ಎಲ್ಲಿ? ಹೊರಗೆ ಹೋಗಿ ನೋಡಬಹುದಿತ್ತು. ಆದರೆ ನಾನು ವಿಮರ್ಶಕಿ. ಮೊದಲ ದೃಶ್ಯಗಳನ್ನು ಬಿಟ್ಟು ಏಳುವವರನ್ನು ಹಿಂದಿನ ಸಂಚಿಕೆಯಲ್ಲಷ್ಟೇ ಟೀಕಿಸಿದ್ದೆ.

ಪರದೆಯ ಮೇಲೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಹೊಲಿಗೆ ಯಂತ್ರ ಕೆಟ್ಟಿತು. ಮೇಲಿನ ಮನೆಯವನು ರಿಪೇರಿ ಮಾಡಿಸಿ ತರುತ್ತೇನೆಂದು ಹೊತ್ತುಕೊಂಡು ಹೋದ, ತಿರುಗಿ ಬರಲಿಲ್ಲ. ಅವಳು ಕಾದಳು. ತುಂಬ ಕಾದಳು. 'ಖಾಲಿ ಮೇಜೇ ಇಲ್ಲಿ ಮುಖ್ಯ ಪಾತ್ರ' ಎಂದು ನಾನು ಮನಸ್ಸಿನಲ್ಲೇ ಒಂದು ವಾಕ್ಯ ಬರೆದು, ಸಂತೋಷಪಟ್ಟು, ಅದು ಮರೆಯದಿರಲೆಂದು ಮತ್ತೆ ಮತ್ತೆ ಹೇಳಿಕೊಂಡೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೋ ನಡೆದುಹೋಯಿತು. ಏನೆಂದು ನೋಡಲಿಲ್ಲ.

ಇಂಟರ್ವಲ್ ಆದದ್ದೇ ಅಪ್ಪ ಎದ್ದರು. "ನಾನು ಹೊರಟೆ. ನೀವು ನೋಡಿಕೊಂಡು ಬನ್ನಿ." ಬರದ ತಮ್ಮನ ಮೇಲಿನ ಸಿಟ್ಟೋ ಹಳೆಯ ಅಭ್ಯಾಸವೋ, ಹೇಳುವುದು ಕಷ್ಟ. ಹೋಗು ಎಂದು ಅಮ್ಮ ನನಗೆ ಕಣ್ಣಲ್ಲೇ ಹೇಳಿದರು. ಹಿಂದೆಯೇ ಹೋದೆ.

ಹೊರಗೆ, ಪಾಪ್‌ಕಾರ್ನ್ ಮಾರುವ ಕಡೆಯ ಮೆತ್ತನೆಯ ಬೆಂಚಿನ ಮೇಲೆ, ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಚಿಕ್ಕಪ್ಪ ಕೂತಿದ್ದರು. ಅಪ್ಪನನ್ನು ಕಂಡು ಮೊಣಗಂಟು ಹಿಡಿದು ಎದ್ದರು.

"ಇಂಟರ್ವಲ್ ಆಯ್ತಾ?"

"ನೀ ಯಾವಾಗ ಬಂದದ್ದು?"

"ನಿಮಗಿಂತ ಮೊದಲೇ. ನೀವು ಒಳಗೆ ಹೋಗುವಾಗ ನೋಡಿದೆ."

"ನೋಡಿ ಇಲ್ಲಿ ಕೂತಿಯಾ? ಒಳಗೆ ಬರ್ಲಿಕ್ಕೆ ಎಂತ ಧಾಡಿ ನಿಂಗೆ?"

"ಮೊದಲರ್ಧ ನಿಂದಲ್ವಾ ಅಣ್ಣ?" ಎಂದರು ಚಿಕ್ಕಪ್ಪ.

ತಮಾಷೆಗೆ ಹೇಳಿದ್ದಲ್ಲ. ಅವರ ಮುಖದಲ್ಲಿ, ಇದನ್ನು ಕೇಳಬೇಕೇ ಎಂಬ ಆಶ್ಚರ್ಯವಿತ್ತು. ಅಪ್ಪನ ಬಲಗೈಯ ಬೆರಳು ತಾನಾಗಿ ಎಡಗೈ ವಾಚಿನ ಪಟ್ಟಿಯ ಅಡಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಒಂದು ಕ್ಷಣ ಗಾಬರಿಯಾಗಿ ನನ್ನ ಕಡೆ ತಿರುಗಿದರು.

"ಟಿಕೆಟ್ ಎಲ್ಲಿ?"

ಟಿಕೆಟ್ ನನ್ನ ಫೋನಿನಲ್ಲಿತ್ತು. ಫೋನು ಕೊಟ್ಟೆ. ಅಪ್ಪ ಅದನ್ನು ಚಿಕ್ಕಪ್ಪನಿಗೆ ಕೊಟ್ಟರು. ಚಿಕ್ಕಪ್ಪ ಅಂಗಿಯ ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ನಿಂತರು.

"ಕತೆ ಎಂತ?"

"ಹೋಗಿ ನೋಡು."

"ಮೊದಲಿದ್ದು ಗೊತ್ತಿಲ್ದೆ ಎಂತ ನೋಡುವುದು ಮಾರಾಯ?"

ಇದು ನ್ಯಾಯವಾದ ಮಾತು. ಎಷ್ಟೇ ಸಿಟ್ಟಿದ್ದರೂ ಒಬ್ಬನನ್ನು ಕತೆ ಗೊತ್ತಿಲ್ಲದೆ ಒಳಗೆ ಕಳಿಸಲು ಅಪ್ಪನಿಗೆ ಆಗದು. ಬೆಂಚಿನ ಮೇಲೆ ಕೂತರು. ಚಿಕ್ಕಪ್ಪನೂ ಕೂತರು.

"ಒಂದು ಹೆಂಗಸು. ಟೈಲರಿಂಗ್. ಒಳ್ಳೆ ಹೆಂಗಸು. ಮೇಲಿನ ಮಹಡಿಯಲ್ಲಿ ಒಬ್ಬ. ಅವಳು ಅವನಿಗೆ ಚಾ ಕೊಡ್ತಾಳೆ. ಕಪ್ಪಿನಲ್ಲಿ ಚಾ ಇಲ್ಲ, ಬರೀ ಕಪ್ಪು ಎತ್ತಿ ಕುಡೀತಾನೆ ಅವ. ಆಮೇಲೆ ಮಿಷಿನು ಹೊತ್ಕೊಂಡು ಹೋದ. ಎಂಟು ದಿನ ಅಂದವ ಪತ್ತೆ ಇಲ್ಲ."

ನಾನು ನೋಡಿದ ಸಿನಿಮಾ ಇದಲ್ಲ. ಖಾಲಿ ಮೇಜಿನ ಸುದ್ದಿಯೇ ಇರಲಿಲ್ಲ. ಒಳಗೆ ಉಳಿದರ್ಧ ಶುರುವಾದ ಸದ್ದು ಕೇಳಿಸಿತು. ಯಾರೂ ಏಳಲಿಲ್ಲ.

"ಅವನಿಗೆ ಎಂತ ಕಷ್ಟವೋ," ಎಂದರು ಚಿಕ್ಕಪ್ಪ. "ಕಾಲುನೋವು ಇರ್ಬಹುದು."

"ಕಾಲು ಸರಿ ಇತ್ತು. ನಾನು ನೋಡಿದ್ದೇನೆ."

"ಹೊರಗಿಂದ ನೋಡಿದ್ರೆ ಗೊತ್ತಾಗ್ತದಾ?"

"ನೋವಿದ್ರೆ ಬಾಯಿಬಿಟ್ಟು ಹೇಳ್ಬೇಕು. ಹೇಳದೆ ಹೋಗಿಬಿಡುವುದಾ?"

"ಹೇಳಿಯೇ ಹೋಗಿದ್ದಾನಲ್ಲ! ಅವಳು ಆಯ್ತು ಅಂದಿದ್ದಾಳೆ."

"ಅವಳು ಆಯ್ತು ಅಂದ್ರೆ ಆಯ್ತು ಅಂತಲಾ? ಅಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದವನಿಗೆ ಗೊತ್ತಾಗುವುದಿಲ್ವಾ?"

ಸಿನಿಮಾದಲ್ಲಿ ಅವರಿಬ್ಬರೂ ಒಂದೇ ಕಟ್ಟಡದಲ್ಲಿ ಎಷ್ಟು ವರ್ಷವಿದ್ದರೆಂದು ಹೇಳಿರಲಿಲ್ಲ. ನಾನು ತಿದ್ದಲಿಲ್ಲ.

ಚಿಕ್ಕಪ್ಪ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ, ಮತ್ತೆ ಹಾಕಿದರು. "ಅವಳಾದ್ರೂ ಒಮ್ಮೆ ಹೋಗಿ ವಿಚಾರಿಸ್ಬಹುದಿತ್ತು."

"ಅವಳು ಯಾಕೆ ಹೋಗ್ಬೇಕು? ಅವಳು ದೊಡ್ಡವಳು."

"ಅದೇ," ಎಂದರು ಚಿಕ್ಕಪ್ಪ. "ಬರ್ತಾನೆ ಬಿಡು. ಕಡೇಗೆ ಮಿಷಿನು ಹೊತ್ಕೊಂಡೇ ಬರ್ತಾನೆ. ಮಳೆ ಇರ್ತದೆ."

"ಬರುವುದಿಲ್ಲ."

"ನೀ ಯಾವ ಸಿನಿಮಾದ ಕೊನೆ ನೋಡಿದ್ದಿ?"

"ನೀ ಯಾವುದರ ಮೊದಲು ನೋಡಿದ್ದಿ?"

ಇಬ್ಬರಿಗೂ ನಗು ಬಂತು. ತಡೆದುಕೊಂಡರು, ಆದರೆ ಬೆಂಚು ಅಲುಗಾಡಿತು. ಆಮೇಲೆ ಹೋಟೆಲಿನ ಮಾತು ಬಂತು. ಈಗ ನಡೆಸುವವರ ಸಾಂಬಾರಿನಲ್ಲಿ ಬೆಲ್ಲ ಹೆಚ್ಚು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಅಂದರೆ ಇಬ್ಬರೂ, ಯಾರಿಗೂ ಹೇಳದೆ, ಬೇರೆ ಬೇರೆ ದಿನ ಹೋಗಿ ತಿಂದು ಬಂದಿದ್ದರು. ನಾನು ಗೋಡೆಗೊರಗಿ ನಿಂತೇ ಇದ್ದೆ. ಒಳಗೆ ಹೋಗಿ ಕರ್ತವ್ಯ ಮಾಡಬೇಕೆಂದು ಎರಡು ಸಲ ಅನ್ನಿಸಿತು, ಹೋಗಲಿಲ್ಲ.

ಸಿನಿಮಾ ಬಿಟ್ಟಿತು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಬಂದರು. ಬೆಂಚಿನ ಮೇಲೆ ಇಬ್ಬರನ್ನೂ ಕಂಡು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಅತ್ತಿಗೆ, ಮಿಷಿನು ಬಂತಾ?" ಎಂದು ಕೇಳಿದರು ಚಿಕ್ಕಪ್ಪ.

"ಬರ್ಲಿಲ್ಲ ತಾನೆ?" ಎಂದರು ಅಪ್ಪ.

ಅಮ್ಮ ಇಬ್ಬರನ್ನೂ ನೋಡಿದರು. "ಟಿಕೆಟ್ ತೆಗ್ದುಕೊಟ್ರೆ ಹೊರಗೆ ಕೂತು ಹರಟೆ. ನಾನೆಂತಕ್ಕೆ ಹೇಳ್ಬೇಕು? ಹೇಳುವುದಿಲ್ಲ."

ಎಷ್ಟು ಬೇಡಿಕೊಂಡರೂ ಹೇಳಲಿಲ್ಲ. ಸ್ಟೇಷನ್ನಿನವರೆಗೂ ಅಣ್ಣತಮ್ಮಂದಿರು ಬರ್ತಾನೆ, ಬರುವುದಿಲ್ಲ ಎಂದುಕೊಂಡೇ ನಡೆದರು. ಚಿಕ್ಕಪ್ಪ ತಮ್ಮ ಪ್ಲಾಟ್‌ಫಾರ್ಮಿನ ಕಡೆ ತಿರುಗಿದ ಮೇಲೆ ನನಗೆ ನೆನಪಾಯಿತು: ಫೋನು ಅವರ ಜೇಬಿನಲ್ಲಿತ್ತು. ಓಡಿಹೋಗಿ ಕೇಳಿದೆ. "ಓ, ಇದು ಟಿಕೆಟ್ ಅಲ್ವಾ?" ಎನ್ನುತ್ತ ಕೊಟ್ಟರು.

ಮನೆಗೆ ಬಂದ ಮೇಲೆ ಅಮ್ಮನನ್ನು ಒಬ್ಬರೇ ಇದ್ದಾಗ ಹಿಡಿದೆ. "ನನಗಾದರೂ ಹೇಳಿ. ವಿಮರ್ಶೆ ಬರೀಬೇಕು."

"ನೀನು ಬರೆದ್ರೆ ಖಾರಘರದಲ್ಲಿ ಒಬ್ಬರು ಓದ್ತಾರೆ," ಎಂದರು ಅಮ್ಮ. "ಮತ್ತೆ ಇವರಿಬ್ಬರಿಗೆ ಮಾತಾಡ್ಲಿಕ್ಕೆ ಎಂತ ಉಳೀತದೆ? ಮುಂದಿನ ಭಾನುವಾರ ಮತ್ತೆ ಉಂಟಲ್ಲ ಆ ಸಿನಿಮಾ. ಟಿಕೆಟ್ ತೆಗಿ."

ಮರುದಿನ ಬೆಳಿಗ್ಗೆ ನಾನು ಊಟದ ಡಬ್ಬಿಯನ್ನು ಆಫೀಸಿನ ಚೀಲಕ್ಕೆ ಹಾಕುತ್ತಿದ್ದಾಗ ಫೋನು ಹೊಡೆದುಕೊಂಡಿತು. ಚಿಕ್ಕಪ್ಪ.

"ಮಗಾ, ನಿನ್ನ ವಿಮರ್ಶೆಗೆ ಬೇಕಾಗ್ತದೆ ಅಂತ ಮಾಡಿದೆ, ಬೇರೆ ಎಂತ ಇಲ್ಲ. ಆ ಮೇಲಿನ ಮನೆಯವನಿಗೆ ಮದುವೆ ಆಗಿದೆಯಾ ಅಂತ ಅಣ್ಣನ ಹತ್ರ ಕೇಳು. ಆಗದಿದ್ರೆ ಅವ ಗ್ಯಾರಂಟಿ ಬರ್ತಾನೆ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೈ ಚಾಚಿದರು. "ಇಲ್ಲಿ ಕೊಡು. ಅವನಿಗೆ ಎಂತದೂ ಗೊತ್ತಿಲ್ಲ." ಫೋನು ಕಿವಿಗೆ ಹಿಡಿದು ಬಾಲ್ಕನಿಗೆ ಹೋದರು. "ಮದುವೆಗೂ ಮಿಷಿನಿಗೂ ಎಂತ ಸಂಬಂಧ ಮಾರಾಯ? ನೀ ಮೊದಲು ಕೇಳು ಇಲ್ಲಿ..."

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದೆ. ನನ್ನ ಲೋಕಲ್ ರೈಲಿನ ಹೊತ್ತಾಗುತ್ತಿತ್ತು. ಅಪ್ಪ ನಗುತ್ತಿದ್ದರು, ಇನ್ನೂ ಮೊದಲರ್ಧದಲ್ಲೇ ಇದ್ದರು. ಫೋನು ಅವರಲ್ಲೇ ಬಿಟ್ಟು ಮೆಟ್ಟಿಲಿಳಿದು ಸ್ಟೇಷನ್ನಿಗೆ ನಡೆದೆ.