ಎರಡನೆಯ ನಂಬರು

ಹಾಲಿನ ಕಾರ್ಖಾನೆಯ ಗೇಟಿಗೆ ಅಂಟಿಸಿದ ಅಸ್ಪರುಖನ ಸಾವಿನ ಸುದ್ದಿಯ ಚೀಟಿ ಇನ್ನೂ ಹಾಗೇ ಇದೆ. ಹಿಮ ತಾಗಿ ಮೂಲೆ ಸುರುಟಿಕೊಂಡಿದೆ. ಅದರ ಮೇಲಿನ ಚಿತ್ರದಲ್ಲಿ ಅವನು ಓರೆಗಣ್ಣಿನಿಂದ ಪಕ್ಕಕ್ಕೆ ನೋಡುತ್ತಿದ್ದಾನೆ. ಯಾರದೋ ಮದುವೆಯಲ್ಲಿ ತೆಗೆದದ್ದು ಅದು. ಕತ್ತರಿಸಿ ಬಿಟ್ಟ ಅರ್ಧದಲ್ಲಿ ಟ್ರಿಫೊನ್ ನಿಂತಿದ್ದ. ಊರಿನವರು ಯಾರೂ ಆ ನೋಟ ಯಾರ ಮೇಲಿತ್ತು ಎಂದು ಕೇಳುವುದಿಲ್ಲ.

ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು, ಆಮೇಲೆ ಈ ಕಾರ್ಖಾನೆಯಲ್ಲಿ ಒಂದೇ ಬಾಯ್ಲರು. ಟ್ರಿಫೊನನ ಟೊಮೆಟೊ ಒಂದು ವಾರ ಮೊದಲು ಕೆಂಪಾದರೆ ಅಸ್ಪರುಖನಿಗೆ ಆ ವಾರ ಊಟ ಸೇರುತ್ತಿರಲಿಲ್ಲ. ಟ್ರಿಫೊನನಿಗೆ ಜ್ವರ ಬಂದರೆ ಕೋಳಿ ಸೂಪು ಹೊತ್ತುಕೊಂಡು ಮೊದಲು ಓಡುತ್ತಿದ್ದವನೂ ಅವನೇ. ಹೋದವನು ಅಲ್ಲಿ ಬೇರೆ ಯಾರ ಸೂಪಿನ ಪಾತ್ರೆ ಇದೆ ಎಂದು ಇಣುಕಿ ನೋಡದೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಉರಿಯುತ್ತಿದ್ದದ್ದು ಹೆಸರಿನ ವಿಷಯಕ್ಕೆ. ಟ್ರಿಫೊನ್ ಎಂದರೆ ಸಂತನ ಹೆಸರು. ಚಳಿಗಾಲದ ಕೊನೆಗೆ ದ್ರಾಕ್ಷಿಬಳ್ಳಿ ಕತ್ತರಿಸುವ ದಿನವೇ ಆ ಸಂತನ ಹಬ್ಬ, ಆ ಹೆಸರಿಟ್ಟುಕೊಂಡವರ ಹಬ್ಬವೂ ಅದೇ. ಅಸ್ಪರುಖನಿಗೆ ಅವನಪ್ಪ ಇಟ್ಟದ್ದು ಕುದುರೆಯೇರಿ ಬಂದು ನಾಡು ಕಟ್ಟಿದ, ಶಿಲುಬೆಯನ್ನೇ ಕಾಣದ ಹಳೆಯ ದೊರೆಯೊಬ್ಬನ ಹೆಸರು. ಪಂಚಾಂಗದಲ್ಲಿ ಅಂಥ ಸಂತನಿಲ್ಲ, ಆದ್ದರಿಂದ ಹಬ್ಬವೂ ಇಲ್ಲ.

ಮೊದಲೆಲ್ಲ ಬಾಯ್ಲರಿನ ಪಕ್ಕ ಯಾವಾಗಲೂ ಒಬ್ಬ ಕೂತಿರಬೇಕಿತ್ತು. ಆಮೇಲೆ ಗೋಡೆಯ ಮೇಲೆ ಒಂದು ಪೆಟ್ಟಿಗೆ ಬಂತು. ನೀರು, ಬೆಂಕಿ, ಒತ್ತಡ ಮೂರನ್ನೂ ಅದೇ ಕಾಯುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ತಾನೇ ಫೋನು ಮಾಡಿ ಹೆಣ್ಣಿನ ದನಿಯಲ್ಲಿ ಹೇಳುತ್ತದೆ. ಮೊದಲ ನಂಬರಿನವನು ಎತ್ತದಿದ್ದರೆ ಎರಡನೆಯವನಿಗೆ. ಎತ್ತಿದವನು ಗುಟ್ಟಿನ ಅಂಕಿ ಒತ್ತಿ ಇದ್ದಲ್ಲಿಂದಲೇ ಬಾಯ್ಲರನ್ನು ನಿಲ್ಲಿಸಬಹುದು. ಮತ್ತೆ ಹೊತ್ತಿಸಲು ಮಾತ್ರ ಖುದ್ದಾಗಿ ಹೋಗಿ, ಗಾಜಿನ ಕೊಳವೆಯಲ್ಲಿ ನೀರು ನೋಡಿ, ಕೈಯಿಂದಲೇ ಗುಂಡಿ ಒತ್ತಬೇಕು.

ಪೆಟ್ಟಿಗೆ ಕೂರಿಸಲು ಬಂದ ಹುಡುಗ ರಾಜಧಾನಿಯವನು, ಹಸಿದಿದ್ದ. ಅಸ್ಪರುಖ ಅತಿಥಿಯನ್ನು ಹಾಗೆ ಬಿಡುವವನಲ್ಲ. ಬಿಸಿ ಬ್ರೆಡ್ಡು, ಗಡ್ಡೆ ಮೊಸರು ತರಲು ಹೋದ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಮೊದಲು ಯಾರು?" ಎಂದು ಕೇಳಿದ.

"ಇವರು ಇಲ್ಲೇ ಇದ್ರಲ್ಲ, ಇವರ ನಂಬರೇ ಹಾಕ್ದೆ," ಎಂದ ಹುಡುಗ ಟ್ರಿಫೊನನತ್ತ ತೋರಿಸಿ, ಬಾಯಿ ತುಂಬ ಬ್ರೆಡ್ಡು.

"ಅಕ್ಷರದ ಪ್ರಕಾರ ನೋಡಿದ್ರೂ ನಾನೇ ಮೊದಲು ಬರ್ಬೇಕು."

"ಶಾಲೇಲಿ ಹಾಜರಿ ಕೂಗ್ತಿದಾರೇನೋ?" ಎಂದ ಟ್ರಿಫೊನ್. "ಮೊಸರು ಚೆನ್ನಾಗಿದೆ ಬಿಡು."

ಆ ಮೊಸರನ್ನು ಅಸ್ಪರುಖ ಸಾಯುವವರೆಗೂ ಮರೆಯಲಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಪರೀಕ್ಷೆಗೆಂದು ಫೋನು ಮಾಡಿ, ಕೇಳಿಸಿದರೆ ಒಂದು ಒತ್ತಿ ಎನ್ನುತ್ತಿತ್ತು. ಟ್ರಿಫೊನ್ ಎತ್ತಿ ಒಂದು ಒತ್ತಿದರೆ ಮುಗಿಯಿತು. ಎರಡನೆಯವನ ತನಕ ಬರುವ ಪ್ರಶ್ನೆಯೇ ಇಲ್ಲ. ಎರಡು ಚಳಿಗಾಲ ಕಳೆದರೂ ಅಸ್ಪರುಖನ ಫೋನು ಮಿಸುಕಲಿಲ್ಲ. ಆದರೂ ಕರೆ ಬಂದೀತೆಂದು ಅವನು ಕುಡಿಯುವುದನ್ನೇ ಬಿಟ್ಟ. ಹೆಂಡತಿ ಸ್ತಾಂಕಾಗೆ ನಗು.

"ನನಗೋಸ್ಕರ ಒಂದಿನ ಬಿಡ್ಲಿಲ್ಲ. ಆ ಪೆಟ್ಟಿಗೆ ಒಳಗಿರೋ ಹೆಂಗಸಿಗೋಸ್ಕರ ಬಿಟ್ಟೆ. ಅವಳೋ ನಿನ್ನ ಕಡೆ ತಿರುಗಿ ನೋಡಲ್ಲ."

"ಅವಳು ಮಾಡ್ತಾಳೆ. ಅವನು ಎತ್ಕೊಂಡ್ಬಿಡ್ತಾನೆ, ಅದೇ ತಾಪತ್ರಯ."

ಆ ವರ್ಷ ಟ್ರಿಫೊನನ ಹಬ್ಬದ ದಿನ ಎಂದಿನಂತೆ ಎಲ್ಲರೂ ದ್ರಾಕ್ಷಿತೋಟಕ್ಕೆ ಹೋದರು. ಕರೆಯದಿದ್ದರೂ ಬರುವ ಹಬ್ಬ ಅದು. ಕತ್ತರಿಸಿದ ಬಳ್ಳಿಯ ಬುಡಕ್ಕೆ ವೈನು ಸುರಿದರು, ಉಳಿದದ್ದನ್ನು ತಾವು ಕುಡಿದರು. ಕೆಂಡದ ಮೇಲೆ ಹಂದಿಮಾಂಸ ಚುರುಗುಟ್ಟುತ್ತಿತ್ತು. ಟ್ರಿಫೊನನ ಫೋನಿಗೆ ಬಿಡುವಿಲ್ಲ. ಸೋದರಮಾವ, ಸೈನ್ಯದ ಗೆಳೆಯ, ಯಾವಳೋ ನಾದಿನಿ, ಒಬ್ಬರು ಇಟ್ಟರೆ ಇನ್ನೊಬ್ಬರು. ಅಸ್ಪರುಖ ಹುಳಿಸಿದ ಎಲೆಕೋಸು ಅಗಿಯುತ್ತ ಒಂದೊಂದು ಕರೆಯನ್ನೂ ಮುಳ್ಳಿನಂತೆ ನುಂಗಿದ. ತನಗೆ ವರ್ಷವಿಡೀ ಇಷ್ಟು ಫೋನು ಬಂದಿರಲಿಲ್ಲ.

"ಕುಡಿಯೋ ದೊರೆ!" ಎಂದು ಯಾರೋ ಲೋಟ ಚಾಚಿದರು. "ನಿನ್ನ ಯಾರು ಕರೀತಾರೆ, ಕುದುರೇನಾ?"

ಆಗ ಅವನ ಜೇಬು ಅದುರಿತು. ಸುತ್ತಲಿದ್ದವರು ಗೊಳ್ಳೆಂದರು. ಅವನು ಕಿವಿಗಿಟ್ಟುಕೊಂಡ. ಹೆಣ್ಣಿನ ದನಿ ಹೇಳಿತು: ಬಾಯ್ಲರು. ನೀರು ಕಡಿಮೆ.

ಕೈಯಳತೆಯಲ್ಲಿ ಟ್ರಿಫೊನ್ ಫೋನು ಹಿಡಿದು ಯಾರಿಗೋ ತನ್ನ ಬಳ್ಳಿಗಳ ಗುಣಗಾನ ಮಾಡುತ್ತಿದ್ದ. ಪೆಟ್ಟಿಗೆ ಅವನಿಗೆ ಮಾಡಿ ಮಾಡಿ ಲೈನು ಸಿಗದೆ ಇತ್ತ ಬಂದಿತ್ತು. ಭುಜ ತಟ್ಟಿದ್ದರೆ ಸಾಕಿತ್ತು. ಅಸ್ಪರುಖ ತಟ್ಟಲಿಲ್ಲ. ಮಿಠಾಯಿ ಬಚ್ಚಿಡುವ ಮಗುವಿನಂತೆ ಅವನಿಗೆ ಬೆನ್ನು ಮಾಡಿ ನಿಂತು ಗುಟ್ಟಿನ ಅಂಕಿ ಒತ್ತಿದ. "ಬಾಯ್ಲರು ನಿಂತಿದೆ" ಎಂದಿತು ದನಿ. ಜೀವಮಾನದಲ್ಲಿ ಯಾರೂ ಅವನಿಗೆ ಅಷ್ಟು ಸಿಹಿಯಾಗಿ ಏನನ್ನೂ ಹೇಳಿರಲಿಲ್ಲ. ನೀರು ಇನ್ನೂ ಇಳಿದರೆ ಬಾಯ್ಲರು ತಾನೇ ನಿಲ್ಲಬೇಕು, ನಿಜ. ನಿಲ್ಲುತ್ತದೆ ಎಂದು ನಂಬಿ ಕೂರುವವನನ್ನು ಬಾಯ್ಲರಿನ ಹತ್ತಿರ ಬಿಡಬಾರದು, ಅದೂ ನಿಜ. ಅವನು ಹಿಮದಲ್ಲಿ ಜಾರುತ್ತ, ಏಳುತ್ತ ಇಳಿಜಾರಿನಲ್ಲಿ ಓಡಿದ.

ನೀರಿನ ತೊಟ್ಟಿಗೆ ನೀರು ಬಿಡುವ ತೇಲುಗುಂಡಿನ ಕೈ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಬಿಡಿಸಿದ. ನೀರು ಏರುವುದನ್ನು ಗಾಜಿನಲ್ಲಿ ನೋಡಿ, ಕೈಯಾರೆ ಬಾಯ್ಲರು ಹೊತ್ತಿಸಿದ. ಅಷ್ಟರಲ್ಲಿ ಕಾರ್ಖಾನೆಯ ಇಂಜಿನಿಯರ್ ರಾಡೋಸ್ಲಾವಾ ಬಂದಳು. ಅವಳ ಹಿಂದೆ ಸುದ್ದಿ ತಿಳಿದ ಟ್ರಿಫೊನ್, ಏದುಸಿರು, ಮೀಸೆಯಲ್ಲಿ ವೈನಿನ ಕಲೆ.

"ಮೊದಲ ನಂಬರು ಯಾಕೆ ಎತ್ತಲಿಲ್ಲ?" ಎಂದಳು.

ಈ ಪ್ರಶ್ನೆಗೆ ಅಸ್ಪರುಖ ಎರಡು ಚಳಿಗಾಲದಿಂದ ಉತ್ತರ ಸಿದ್ಧಮಾಡಿಕೊಂಡಿದ್ದ. ಹರಟುತ್ತಿದ್ದ, ಕುಡಿದಿದ್ದ ಎಂದರೆ ಸಾಕು, ಟ್ರಿಫೊನ್ ಕೆಲಸದಿಂದಲೇ ಹೋಗುತ್ತಿದ್ದ. ಟ್ರಿಫೊನ್ ಟೋಪಿ ತೆಗೆದು ನೆಲ ನೋಡುತ್ತ ನಿಂತ. ಶಾಲೆಯಲ್ಲಿ ಪಾಠ ಒಪ್ಪಿಸಲಾರದೆ ಅವನು ಹೀಗೇ ನಿಲ್ಲುತ್ತಿದ್ದ, ಬೆಂಚಿನ ಕೆಳಗಿಂದ ಅಸ್ಪರುಖ ಉತ್ತರ ಪಿಸುಗುಡುತ್ತಿದ್ದ.

"ಇವತ್ತು ಅವನ ಹಬ್ಬ ಅಮ್ಮಾ," ಎಂದ ಅಸ್ಪರುಖ. "ಊರೆಲ್ಲ ಅವನಿಗೇ ಫೋನ್ ಮಾಡತ್ತೆ. ಲೈನೆಲ್ಲಿ ಸಿಗ್ಬೇಕು? ಹಬ್ಬ ಇಲ್ಲದವನನ್ನ ಮೊದಲು ಹಾಕ್ಬೇಕಿತ್ತು. ಪೆಟ್ಟಿಗೆ ಕೂರಿಸಿದೋನಿಗೆ ಅಷ್ಟೂ ಬುದ್ಧಿ ಇಲ್ಲ."

"ಹಾಗಾದ್ರೆ ನಿಮ್ಮನ್ನೇ ಮೊದಲು ಹಾಕ್ಲಾ?"

ಅಸ್ಪರುಖ ತೋಳಿನಿಂದ ಗಾಜಿನ ಕೊಳವೆ ಒರೆಸಿದ. "ಇವತ್ತೊಂದಿನ. ಪ್ರತಿ ವರ್ಷ ಇವತ್ತೊಂದಿನ ಸಾಕು," ಎಂದ.

ಮನೆಗೆ ಬಂದು ತಲೆ ಚಚ್ಚಿಕೊಂಡ. "ಬಾಯಿಗೆ ಬಂದ ತುತ್ತು ನಾನೇ ಉಗುಳ್ಬಿಟ್ಟೆ ಕಣೇ!"

"ಹೋಗಿ ವಾಪಸ್ ಕೇಳು," ಎಂದಳು ಸ್ತಾಂಕಾ. ಅವನು ಹೋಗಲಿಲ್ಲ.

ಅಂದಿನಿಂದ ಆ ದಿನ ಇಬ್ಬರ ಹಬ್ಬವಾಯಿತು. ಟ್ರಿಫೊನ್ ಕುಡಿಯುತ್ತಿದ್ದ, ಅಸ್ಪರುಖ ಫೋನನ್ನು ಮೇಜಿನ ನಡುವೆ ತಟ್ಟೆಯ ಮೇಲಿಟ್ಟು ಯಜಮಾನನಂತೆ ಕೂರುತ್ತಿದ್ದ. ಮಿಕ್ಕ ದಿನಗಳಲ್ಲಿ ಹೊಟ್ಟೆಯುರಿ ಹಾಗೇ ಇತ್ತು. ಈ ಹೇಮಂತದಲ್ಲಿ ಶ್ವಾಸಕೋಶ ಕೈಕೊಟ್ಟು ಆಸ್ಪತ್ರೆ ಸೇರಿದಾಗಲೂ ಟ್ರಿಫೊನನನ್ನು ಕಂಡೊಡನೆ ಕೇಳಿದ್ದು ಒಂದೇ.

"ಫೋನ್ ಬಂತಾ?"

"ಇಲ್ವೋ."

"ಬಂದಿದ್ರೂ ನೀನು ಹೇಳೋನಲ್ಲ."

ಅಸ್ಪರುಖ ತೀರಿಕೊಂಡು ನಲವತ್ತು ದಿನ ತುಂಬುವವರೆಗೆ ಪೆಟ್ಟಿಗೆಯಿಂದ ಅವನ ನಂಬರು ತೆಗೆಯಬೇಡಿ ಎಂದು ಟ್ರಿಫೊನ್ ಇಂಜಿನಿಯರ್‌ಗೆ ಕೈಮುಗಿದು ಕೇಳಿಕೊಂಡ. ಅಲ್ಲಿಯವರೆಗೆ ಬಾಯ್ಲರಿನ ಪಕ್ಕದಲ್ಲೇ ಕೂರುತ್ತೇನೆ ಎಂದ, ಹಾಗೆಯೇ ಕೂತ. ನಲವತ್ತನೆಯ ದಿನ ಸತ್ತವನ ಹೆಸರಲ್ಲಿ ಬೇಯಿಸಿದ ಗೋಧಿ ಹಂಚಿ ಆದ ಮೇಲೆ ಬಂದ ಸೋಮವಾರ, ಹೊಸಬನ ನಂಬರು ಹಾಕುವ ಮುಂಚೆ, ಪರೀಕ್ಷೆಯ ಕರೆ ಬಂತು. ಟ್ರಿಫೊನ್ ಎತ್ತಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಅದು ಬಡಿದುಕೊಂಡು ಸುಮ್ಮನಾಗುವವರೆಗೂ ನೋಡಿದ.

ಸ್ತಾಂಕಾಳ ಅಡುಗೆಮನೆಯಲ್ಲಿ, ತಟ್ಟೆಯ ಮೇಲೆ, ಅಸ್ಪರುಖನ ಫೋನು ಬಡಿದುಕೊಂಡಿತು. ಅವಳು ಕೈಯೊರೆಸಿಕೊಂಡು ಎತ್ತಿದಳು. ಇಷ್ಟು ವರ್ಷ ಬೈದುಕೊಂಡಿದ್ದ ಆ ದನಿಯನ್ನು ಅವಳು ಮೊದಲ ಬಾರಿ ಕೇಳಿದಳು. ಅದು ಪೂರ್ತಿ ಹೇಳಿ ಮುಗಿಸುವವರೆಗೂ ಬಿಟ್ಟಳು.

"ಈಗ ಬಂದ್ಯೇನೇ," ಎಂದು ಒಂದು ಒತ್ತಿದಳು.