ಇಂಜಿನ್ ಓಡುವಾಗ ಕಳಚಿದ ಕೇಬಲ್ಲು

ಹಳೆ ಕಾರುಗಳ ವೈರಿಂಗ್ ರಿಪೇರಿ ಮಾಡುವ ಅವನಿಗೆ ಬೀದಿಯವರು ಇಟ್ಟ ಹೆಸರು ಮೂಗುಮುರಿ ಮೇಸ್ತ್ರಿ. ಮೀಸೆ ಮೂಡುವ ಮೊದಲೇ ಕಸುಬಿಗೆ ಬಿದ್ದವನು, ಈಗ ಮೀಸೆ ನರೆತಿದೆ. ಗ್ರೀಸು, ಆಸಿಡ್ಡು ಯಾವುದೂ ಅವನಿಗೆ ಹೇಸಿಗೆಯಲ್ಲ. ಹೇಸಿಗೆಯೆಲ್ಲ ತೇಪೆ ಕೆಲಸದ ಮೇಲೆ. ವೈರನ್ನು ಬೆಸೆಯದೆ ಬರೀ ತಿರುಚಿ ಟೇಪು ಸುತ್ತಿದ್ದು ಕಂಡರೆ ತುತ್ತಿನಲ್ಲಿ ಕೂದಲು ಸಿಕ್ಕವನಂತೆ ಮುಖ ಮಾಡುತ್ತಿದ್ದ.

ಅಂದು ಬೆಳಿಗ್ಗೆ ಶೆಡ್ಡಿಗೆ ಬಂದದ್ದು ಅವನ ಅಕ್ಕನದೇ ಕಾರು. ಅಕ್ಕ ನರ್ಸು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಕಾರು ದಾರಿಯಲ್ಲಿ ಕೈಕೊಟ್ಟು ಪದೇ ಪದೇ ತಡವಾಗಿತ್ತು. ಇಂದು ಮಧ್ಯಾಹ್ನದ ಸರದಿ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

“ಬ್ಯಾಟರಿ ಹೊಸದೇ ಕಣಯ್ಯ, ನಾನೇ ಹಾಕ್ದೆ,” ಎಂದರು ಜೊತೆಗೆ ಬಂದಿದ್ದ ಭಾವ. “ಅದಕ್ಕೆ ಮುಂಚಿನದೂ ಹೊಸದೇ. ಈಗಿನ ಮಾಲೇ ಅಷ್ಟು.”

ಮೇಸ್ತ್ರಿ ಬಾನೆಟ್ ಎತ್ತಿದ. ಬ್ಯಾಟರಿಯ ತಲೆಯ ಮೇಲೆ ಹುಣ್ಣಿನ ಕೀವು ಒಣಗಿದಂತೆ ಹಸಿರು ಬಿಳಿ ಪುಡಿ ಕಟ್ಟಿತ್ತು. ವೈರುಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿದಿತ್ತು. ಒಂದು ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತುರುಕಿತ್ತು, ಅದು ಕರಕಲಾಗಿತ್ತು.

“ಇದ್ಯಾರ ಕೈಚಳಕ, ಭಾವ?”

“ಯಾಕೆ, ನಡೀತಿತ್ತಲ್ಲ?”

“ನಡೀತಿತ್ತು, ಬೆಂಕಿ ಹತ್ಕೊಳ್ಳೋವರೆಗೂ ನಡೀತಿತ್ತು.”

“ನಿಮ್ಮಿಬ್ಬರ ಜಗಳ ಆಮೇಲಿಟ್ಕೊಳ್ಳಿ,” ಎಂದಳು ಅಕ್ಕ. “ನಂಗೆ ಮಧ್ಯಾಹ್ನ ಗಾಡಿ ಬೇಕು ಕಣೋ.”

ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದ ತನ್ನ ಕಾರಿನ ಬ್ಯಾಟರಿಯಿಂದ ಕರೆಂಟು ಕೊಟ್ಟು ಇಂಜಿನ್ ಎಬ್ಬಿಸಿದ. ಬ್ಯಾಟರಿಗೆ ಕರೆಂಟು ಹುಟ್ಟಿಸಿಕೊಡುವ ಆಲ್ಟರ್ನೇಟರಿನ ಬಾಯಲ್ಲಿ ಮೀಟರ್ ಇಟ್ಟರೆ ಹದಿನಾಲ್ಕು ವೋಲ್ಟು. ಬ್ಯಾಟರಿಯಲ್ಲಿ ಇಟ್ಟರೆ ಹನ್ನೆರಡು. ಹುಟ್ಟುವ ಕರೆಂಟು ದಾರಿಯಲ್ಲೇ ಸೋರುತ್ತಿತ್ತು. ಹುಡುಕುತ್ತಾ ಕೆಳಗೆ ಬಗ್ಗಿದಾಗ ಸಿಕ್ಕಿತು: ಇಂಜಿನ್ನಿನಿಂದ ಕಾರಿನ ಮೈಗೆ ಬರುವ, ಕರೆಂಟು ಮರಳುವ ದಾರಿಯಾದ ಅರ್ತ್ ಪಟ್ಟಿ ಕೊಳೆತು ನಾಲ್ಕೆಳೆಯ ಮೇಲೆ ನೇತಾಡುತ್ತಿತ್ತು.

“ಊಟ ಸಿಗದೆ ಸತ್ತೋರಿಗೆ ಹೊಸ ತಟ್ಟೆ ತಂದ್ಕೊಟ್ಟಿದೀರಲ್ಲ!” ಎಂದು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಎಸೆದ. ಜಾಗವನ್ನು ಉಜ್ಜಿ ಬೆಳ್ಳಗೆ ಮಾಡಿ ಹೊಸ ಪಟ್ಟಿ ಬಿಗಿದ, ಬ್ಯಾಟರಿಯ ತುದಿಗಳನ್ನು ಬಿಸಿನೀರಲ್ಲಿ ತೊಳೆದ, ಸರಿಯಾದ ಫ್ಯೂಸು ಹಾಕಿದ. ಇಂಜಿನ್ ಎಬ್ಬಿಸಿದರೆ ಈಗ ಬ್ಯಾಟರಿಯಲ್ಲೂ ಹದಿನಾಲ್ಕು. ಅಕ್ಕ ಉಸಿರು ಬಿಟ್ಟು ತನ್ನ ಚೀಲವನ್ನು ಸೀಟಿನಲ್ಲಿಟ್ಟಳು. ಅವನು ದೀಪ ಹಾಕಿ, ಇಂಜಿನ್ ಓಡಲು ಬಿಟ್ಟು, ಕೈ ತೊಳೆಯಲು ನಲ್ಲಿಯ ಕಡೆ ಹೋದ.

ಭಾವನಿಗೆ ಒಂದು ಚಟವಿತ್ತು. ಹಿಂದೆ ಡೈನಮೋ ಇದ್ದ ಕಾಲದ ಚಾಲಕರು ಇಂಜಿನ್ ಓಡುವಾಗಲೇ ಬ್ಯಾಟರಿಯ ಕೇಬಲ್ ಕಿತ್ತು ನೋಡುತ್ತಿದ್ದರು. ಇಂಜಿನ್ ನಿಲ್ಲದಿದ್ದರೆ ಚಾರ್ಜು ಸರಿ ಎಂದು ಲೆಕ್ಕ. ಅದೇ ಪರೀಕ್ಷೆಯನ್ನು ಭಾವ ಎಲ್ಲ ಗಾಡಿಗೂ ಮಾಡುತ್ತಿದ್ದರು, ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಕಿತ್ತರೆ ಕರೆಂಟು ಉಕ್ಕಿ ಅದೇ ಸುಟ್ಟುಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

“ಈಗ ನೋಡೇ, ಗೊತ್ತಾಗತ್ತೆ,” ಎಂಬ ದನಿ ಕೇಳಿ ಮೇಸ್ತ್ರಿ ತಿರುಗಿದ.

“ಭಾವ, ಬೇಡ!”

ಕೇಬಲ್ ಅವರ ಕೈಯಲ್ಲಿತ್ತು. ದೀಪಗಳು ಕಣ್ಣು ಕುಕ್ಕುವಂತೆ ಉರಿದು ಆರಿದವು, ಇಂಜಿನ್ ಬಿಕ್ಕಿ ನಿಂತಿತು. ಸುಟ್ಟ ಘಾಟು ಶೆಡ್ಡಿನ ತುಂಬಾ ಹರಡಿತು. ಮೇಸ್ತ್ರಿ ಕೇಬಲ್ ಮತ್ತೆ ಬಿಗಿದು ಇಂಜಿನ್ ಎಬ್ಬಿಸಿ ನೋಡಿದರೆ, ಆಲ್ಟರ್ನೇಟರಿನ ಬಾಯಲ್ಲೂ ಹನ್ನೆರಡೇ. ಅದು ಸುಟ್ಟುಹೋಗಿತ್ತು. ಬಯ್ಯಬೇಕೆಂದು ಮೇಸ್ತ್ರಿ ಬಾಯಿ ತೆರೆದ. ಅಕ್ಕ ಗಂಡನತ್ತ ನೋಡದೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಅವನು ಬಯ್ಗುಳ ಬಿಟ್ಟು ಸ್ಪಾನರ್ ಎತ್ತಿಕೊಂಡ.

ತನ್ನ ಕಾರೂ ಅದೇ ಕಂಪನಿಯದು, ಅದೇ ಮಾದರಿಯದು. ಅದರ ಬೆಲ್ಟು ಸಡಿಲಿಸಿ, ಆಲ್ಟರ್ನೇಟರ್ ಬಿಚ್ಚಿ ಅಕ್ಕನ ಕಾರಿಗೆ ಕೂರಿಸಿದ. ಸುಟ್ಟ ಬಲ್ಬುಗಳನ್ನೂ ಬದಲಿಸಿದ. ಮೀಟರ್ ಹದಿನಾಲ್ಕು ತೋರಿಸಿದಾಗ ಬಾನೆಟ್ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡೇ ನಿಂತ, ಅಕ್ಕ ಒಳಗೆ ಕೂರುವವರೆಗೂ.

“ರೀ, ನೀವು ಬರೋದು ಬೇಡ,” ಎಂದಳು ಅಕ್ಕ, ಮುಂದಿನ ಬಾಗಿಲು ತೆಗೆಯಲು ಬಂದ ಗಂಡನಿಗೆ. ಕಾರು ರಸ್ತೆ ಸೇರಿತು.

ಭಾವ ಗಂಟಲು ಸರಿಮಾಡಿಕೊಂಡರು. “ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಅದು ವೀಕ್ ಇದ್ದಿದ್ದು ಇಲ್ಲೇ ಗೊತ್ತಾಯ್ತು.” ಆಮೇಲೆ ಮೆಲ್ಲಗೆ, “ನನ್ನನ್ನ ಮನೆಗೆ ಬಿಟ್ಬಿಡ್ತೀಯಾ?”

ಮೇಸ್ತ್ರಿ ತನ್ನ ಕಾರಿನ ಬಾನೆಟ್ ಎತ್ತಿ, ಆಲ್ಟರ್ನೇಟರ್ ಇದ್ದ ಖಾಲಿ ಜಾಗವನ್ನು ತೋರಿಸಿದ.

“ಮೊದಲು ಇದನ್ನ ಪರೀಕ್ಷೆ ಮಾಡಿ ನೋಡಿ, ಭಾವ.”