ಎರಡು ಪಾಲಾದ ಲೇಸ್

ಕರಕ್, ಕರಕ್, ಆಮೇಲೆ ಇನ್ನೊಂದು ಸಣ್ಣ ಕರಕ್. ಗುಬ್ಬಿ ಊರಿನ ನನ್ನ ಅತ್ತೆಮನೆಯ ನಡುಮನೆಯಿಂದ ಬಂದ ಆ ಕತ್ತರಿ ಸದ್ದು ಎಪ್ಪತ್ತರ ದಶಕದ್ದು. ಇವತ್ತಿಗೂ ಟೈಲರ್ ಅಂಗಡಿ ಮುಂದೆ ಹಾದುಹೋದರೆ ನನ್ನ ಹಲ್ಲು ಬಿಗಿಯುತ್ತದೆ.

ತುಮಕೂರಿನ ಕಾನ್ವೆಂಟಿನಲ್ಲಿ ನನಗೆ ನೀಡಲ್‌ವರ್ಕ್ ಕಲಿಸಿದ್ದ ಸಿಸ್ಟರ್ ರಿಟೈರ್ ಆಗಿ ತಮ್ಮ ದೇಶಕ್ಕೆ ವಾಪಸ್ ಹೊರಟಿದ್ದರು. ಅವರ ಹತ್ತಿರ ತಮ್ಮ ಅಜ್ಜಿಯ ಕಾಲದ ಒಂದು ಲೇಸ್ ಕಾಲರ್ ಇತ್ತು, ಹುಳು ತಿಂದು ಅರ್ಧ ಪುಡಿಯಾಗಿತ್ತು. ಅದೇ ಪ್ಯಾಟರ್ನ್ ಹೊಸದಾಗಿ ಮಾಡಿಕೊಡುತ್ತೇನೆಂದು ಇಸಕೊಂಡು ಬಂದಿದ್ದೆ. ಲೇಸ್ ಹೆಣೆಯುವ ಬಾಬಿನ್ ನಮ್ಮ ಕಡೆ ಎಲ್ಲಿ ಸಿಗಬೇಕು? ಸಿಸ್ಟರೇ ಕಲಿಸಿದ್ದ ಸ್ಪ್ರಾಂಗ್ ಅನ್ನೋ ಹೆಣಿಗೆ ಇತ್ತಲ್ಲ. ಸ್ಟೂಲನ್ನು ಬೋರಲು ಹಾಕಿ, ಕಾಲುಗಳ ನಡುವೆ ಕುಣಿಗಲ್‌ನ ತವರಿಂದ ತಂದ ಬಿಳಿ ದಾರ ಬಿಗಿದು, ಎಳೆಯ ಮೇಲೆ ಎಳೆ ತಿರುವಿ, ತೆಂಗಿನ ಕಡ್ಡಿ ತೂರಿಸುವುದು. ಸೂಜಿ ಬೇಡ. ಮೇಲೆ ಒಂದು ಹೂವು ತಿರುವಿದರೆ ಕೆಳಗೆ ಅದೇ ಹೂವು, ಕನ್ನಡಿಯಲ್ಲಿ ಕಂಡ ಹಾಗೆ, ತಾನಾಗಿ ಮೂಡುತ್ತದೆ. ಎರಡೂ ಕೂಡುವ ನಡುವಿನಲ್ಲಿ ಒಂದು ದಾರ ಹಾಯಿಸಿ ಲಾಕ್ ಮಾಡಬೇಕು. ಅದೊಂದು ಹೋದರೆ ಎಲ್ಲಾ ಬಿಚ್ಚಿಹೋದಂತೆ.

ಹಳೇ ಕಾಲರಿನ ತೂತುಗಳನ್ನು ಭೂತಗನ್ನಡಿಯಲ್ಲಿ ನೋಡಿ, ತಪ್ಪಿ, ಬಿಚ್ಚಿ, ಮತ್ತೆ ತಿರುವಿ, ಬೇಸಿಗೆಯೆಲ್ಲಾ ಅದರಲ್ಲೇ ಕಳೆದೆ. ಮುಗಿಸಿ, ಲಾಕ್ ಮಾಡಿ, ಮಡಿಸಿಟ್ಟು ನೀರು ಸೇದಲು ಹೋದೆ. ಆಗಲೇ ಆ ಸದ್ದು. ಓಡಿ ಬಂದರೆ ಅತ್ತೆಯ ಕೈಯಲ್ಲಿ ಕತ್ತರಿ, ನನ್ನ ಲೇಸ್ ಎರಡು ತುಂಡು.

ನಮ್ಮತ್ತೆಗೆ ಮನೆಗೆ ಏನು ಬಂದರೂ ಇಬ್ಬರು ಸೊಸೆಯರಿಗೆ ಸಮಪಾಲು ಆಗಬೇಕು. ಒಂದೇ ಬಾಳೆಹಣ್ಣಿದ್ದರೂ ಮುರಿದೇ ಕೊಡುತ್ತಿದ್ದರು.

"ಎರಡು ಕಡೆಗೂ ಒಂದೇ ಹೂವು ಹಾಕಿದೀಯ. ಕತ್ತರಿಸೋಕೆ ಮಧ್ಯ ದಾರದ ಗುರುತು ಬೇರೆ ಇಟ್ಟಿದೀಯ," ಎಂದು ಮೆಚ್ಚಿಕೊಂಡರು. "ತಗೋ, ನಿಂಗೊಂದು, ಅವಳಿಗೊಂದು. ರವಿಕೆ ತೋಳಿಗಾಯ್ತು."

"ಅದು ಸಿಸ್ಟರ್‌ಗೆ ಅಂತ ಹೇಳಿದ್ನಲ್ಲ ಅತ್ತೆ."

"ಆಯಮ್ಮ ಸನ್ಯಾಸಿ ಕಣೇ. ಅವ್ರಿಗ್ಯಾಕೆ ಅಲಂಕಾರ?"

ಅಷ್ಟರಲ್ಲಿ ಎರಡೂ ಪಾಲು ನನ್ನ ಕೈಯಲ್ಲೇ ಬಿಚ್ಚಿಕೊಳ್ಳುತ್ತಿದ್ದವು. ಹೂವು ಹೋಗಿ ಸುಕ್ಕು ಸುಕ್ಕು ದಾರ ಉಳಿಯಿತು. "ಒಳ್ಳೇ ಮನಸ್ಸಿಂದ ಮಾಡಿದಾರೆ, ಬುಡು," ಎಂದರು ನನ್ನ ಯಜಮಾನರು. ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳದವರ ಒಳ್ಳೇ ಮನಸ್ಸನ್ನು ಕಟ್ಟಿಕೊಂಡು ನಾನೇನು ಮಾಡಲಿ? ಸಾರಿ, ಆವತ್ತೂ ನನಗೆ ಅರ್ಥವಾಗಲಿಲ್ಲ, ಈಗಲೂ ಆಗುವುದಿಲ್ಲ.

ಮತ್ತೆ ಮಾಡಲು ಟೈಮ್ ಇರಲಿಲ್ಲ. ಹಳೇ ಕಾಲರನ್ನೂ ಆ ದಾರದ ಗಂಟನ್ನೂ ಹಿಡಿದು, ಯಜಮಾನರ ಜೊತೆ ತುಮಕೂರು ಸ್ಟೇಷನ್ನಿಗೆ ಹೋದೆ. ಸಿಸ್ಟರ್ ಆಗಲೇ ಕಿಟಕಿ ಪಕ್ಕ ಕೂತಿದ್ದರು. ದಾರವನ್ನು ಬೆರಳಲ್ಲಿ ಎಳೆದು ನೋಡಿ ಮೆಲ್ಲಗೆ ಕೇಳಿದರು: "ಯು ಫರ್ಗಾಟ್ ಟು ಲಾಕ್ ದ ಮಿಡಲ್, ಚೈಲ್ಡ್?"

ನಾನು ಬಾಯಿ ತೆರೆದೆ. ಯಜಮಾನರು ನನ್ನ ಮೊಣಕೈ ಒತ್ತಿದರು. "ಯೆಸ್ ಸಿಸ್ಟರ್, ಶಿ ಫರ್ಗಾಟ್," ಎಂದು ನಕ್ಕೂ ಬಿಟ್ಟರು.

ರೈಲು ಹೊರಟಿತು. ಸಿಸ್ಟರ್ ಕಿಟಕಿಯಿಂದ ಎರಡು ಬೆರಳು ಹೆಣೆದು ತೋರಿಸಿದರು, ನಡುವೆ ಹೀಗೆ ಬಿಗಿ ಅಂತ, ದಡ್ಡ ಹುಡುಗಿಗೆ ಕ್ಲಾಸಿನಲ್ಲಿ ತೋರಿಸುತ್ತಿದ್ದ ಹಾಗೆ. ನಾನು ಅವರನ್ನು ನೋಡಿದ್ದು ಅದೇ ಕಡೆಯ ಸಲ.